ಮನೆ ಪಕ್ಕದ ಕೊಟ್ಟಿಗೆ ಮತ್ತು ಪುರಸಭೆಯ ನೋಟೀಸು



ಸಂಘದಿಂದ ಸಾಲ ತೆಗೆದು ಹಸು, ಮೇಕೆ, ಕೋಳಿ ಕಟ್ಟಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹಳ್ಳಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಪಟ್ಟಣದ ವಾರ್ಡುಗಳಲ್ಲಿ, ಪಟ್ಟಣಕ್ಕೆ ಹೊಂದಿಕೊಂಡು ಬೆಳೆದ ಬಡಾವಣೆಗಳಲ್ಲಿ ಮಾತ್ರ ಹಾಗಲ್ಲ. ಒಂದು ದಿನ ಪುರಸಭೆಯ ಆರೋಗ್ಯ ಶಾಖೆಯಿಂದ ಕಾಗದ ಬರುತ್ತದೆ. ನಿಮ್ಮ ಆವರಣದಲ್ಲಿ ಜಾನುವಾರು ಸಾಕಿರುವುದರಿಂದ ಸುತ್ತಲಿನ ನಿವಾಸಿಗಳಿಗೆ ತೊಂದರೆ ಆಗುತ್ತಿದೆ ಎಂದು ದೂರು ಬಂದಿದೆ, ಇಷ್ಟು ದಿನದೊಳಗೆ ತೆರವು ಮಾಡತಕ್ಕದ್ದು ಅಂತ ಅದರಲ್ಲಿ ಇರುತ್ತದೆ. ಓದಿದ ಮನೆಯವರಿಗೆ ಅರ್ಥವಾಗುವುದು ಒಂದೇ, ಹಸು ಮಾರಬೇಕು. ಸಾಲದ ಕಂತು ಇನ್ನೂ ಬಾಕಿ ಇರುತ್ತದೆ. ಅವಸರದಲ್ಲಿ ಮಾರಲು ಹೊರಟವರಿಗೆ ದಲ್ಲಾಳಿ ಎಷ್ಟು ಬೆಲೆ ಹೇಳುತ್ತಾನೆ ಎಂದು ನಿಮಗೆ ಗೊತ್ತೇ ಇದೆ.

ದೂರು ಕೊಟ್ಟವರ ಮನೆಗೂ ಒಮ್ಮೆ ಹೋಗಿ ನೋಡಬೇಕು. ಅಲ್ಲಿ ಎಂಟು ತಿಂಗಳ ಕೂಸು ಇರುತ್ತದೆ. ಬಾಗಿಲು ತೆರೆದರೆ ನೊಣ, ಸಂಜೆಯಾದರೆ ಸೊಳ್ಳೆ, ಮಳೆ ಬಂದರೆ ಗಂಜಲದ ನೀರು ಅವರ ಬಾವಿಯ ಕಟ್ಟೆಯವರೆಗೆ. ಆಕೆಯೂ ಯಾವುದೋ ಸಂಘದ ಸದಸ್ಯೆಯೇ. ಆದ್ದರಿಂದ ಈ ಲೇಖನವನ್ನು ಸಾಕುವವರಿಗೂ ಬರೆದಿದ್ದೇನೆ, ಪಕ್ಕದ ಮನೆಯವರಿಗೂ ಬರೆದಿದ್ದೇನೆ.

ತೀರ್ಮಾನ ಯಾರದು?

ನಮ್ಮ ಹಿರಿಯರು ತಾಲೂಕು ಬೋರ್ಡು, ಲೋಕಲ್ ಬೋರ್ಡು ಅನ್ನುತ್ತಿದ್ದರು. ಊರಿನ ನೈರ್ಮಲ್ಯ, ಸಂತೆ, ದನದ ದೊಡ್ಡಿ ಎಲ್ಲ ಇಂಥ ಸ್ಥಳೀಯ ಸಂಸ್ಥೆಗಳ ಕೈಯಲ್ಲಿತ್ತು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಅಲ್ಲಿಗೆ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯಿದೆಯೂ ಇತ್ತು. ಈಗ ಬೋರ್ಡು ಎಂಬ ಹೆಸರು ಹೋಗಿದೆ, ಕೆಲಸ ಉಳಿದಿದೆ. 1992ರ ಸಂವಿಧಾನ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ ಇದೆ. ಅದರಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ ಒಂದು. ದನದ ದೊಡ್ಡಿ ಮತ್ತು ಪ್ರಾಣಿ ಹಿಂಸೆ ತಡೆ ಇನ್ನೊಂದು. ಎರಡನ್ನೂ ನೋಡಬೇಕಾದದ್ದು ಒಂದೇ ಕಛೇರಿ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕರ್ನಾಟಕದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಕಾಯಿದೆ. ಮಹಾನಗರಪಾಲಿಕೆಗಳಿಗೆ 1976ರ ಕಾಯಿದೆ. ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯಿದೆ. ಪಾಲಿಕೆಗಳಲ್ಲಿ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯಕ್ಕೆಂದೇ ಒಂದು ಸ್ಥಾಯಿ ಸಮಿತಿ ಇರುತ್ತದೆ. ಅದರಲ್ಲಿ ಕೂರುವವರು ನಾವು ಓಟು ಹಾಕಿ ಕಳಿಸಿದ ಸದಸ್ಯರೇ. ಆದರೆ ದಿನನಿತ್ಯ ಮನೆ ಬಾಗಿಲಿಗೆ ಬರುವವರು ಆರೋಗ್ಯ ನಿರೀಕ್ಷಕರು. ಅವರು ನೋಡಿ ವರದಿ ಬರೆಯುತ್ತಾರೆ. ಅದರ ಮೇಲೆ ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರು, ಪಾಲಿಕೆಯಲ್ಲಿ ಆಯುಕ್ತರ ಹೆಸರಿನಲ್ಲಿ ಆದೇಶ ಹೊರಡುತ್ತದೆ. ಗ್ರಾಮ ಪಂಚಾಯಿತಿಯಲ್ಲಾದರೆ ಪಿ.ಡಿ.ಒ. ಮತ್ತು ಪಂಚಾಯಿತಿ ಸಭೆ. ಬಹುತೇಕ ಜಗಳಗಳು ತೀರ್ಮಾನ ಆಗುವುದು ಆ ನಿರೀಕ್ಷಕರ ಅರ್ಧ ಪುಟದ ವರದಿಯಲ್ಲಿ. ಅದಕ್ಕೇ ಅವರು ಬಂದಾಗ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಡಿ. ಕರೆದು ಹಿತ್ತಲು, ಚರಂಡಿ, ಗೊಬ್ಬರದ ಗುಂಡಿ ಎಲ್ಲ ತೋರಿಸಿ.

ಪ್ರಾಣಿ ಸಾಕುವುದೇ ತಪ್ಪಾ?

ಪಟ್ಟಣದಲ್ಲಿ ಹಸು ಸಾಕಲೇಬಾರದು ಅಂತ ರಾಜ್ಯಕ್ಕೆಲ್ಲ ಒಂದೇ ಕಾನೂನು ಇದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಕಾನೂನು ಮೊದಲು ನೋಡುವುದು ಉಪದ್ರವವನ್ನು. ಅಂದರೆ ವಾಸನೆ, ನೊಣ, ಹರಿಯುವ ಹೊಲಸು, ದಾರಿಗೆ ಅಡ್ಡಿ, ಕಚ್ಚುವ ಭಯ, ರೋಗದ ಅಪಾಯ. ಇದರ ಜೊತೆಗೆ ಪ್ರತಿ ಊರಿಗೂ ಅದರದೇ ಉಪವಿಧಿಗಳು ಇರಬಹುದು. ನಾವು ಬೈಲಾ ಅನ್ನುತ್ತೇವಲ್ಲ, ಅದು. ಹಾಲು ಮಾರುವುದಕ್ಕೆಂದೇ ದನ ಕಟ್ಟಿದರೆ ಅದನ್ನು ವ್ಯಾಪಾರ ಎಂದು ಎಣಿಸಿ ಉದ್ದಿಮೆ ಪರವಾನಗಿ ಕೇಳಬಹುದು. ನಿಮ್ಮ ಊರಿನ ಬೈಲಾ ಏನು ಹೇಳುತ್ತದೆ ಎಂದು ಕಛೇರಿಯಲ್ಲೇ ಕೇಳಬೇಕು. ಬಾಯಿ ಮಾತಿನಲ್ಲಿ ಹೇಳಿದ್ದನ್ನು ನಂಬಿ ಬರಬೇಡಿ, ಪ್ರತಿ ಕೊಡಿ ಎನ್ನಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. ಬಿ.ಪಿ.ಎಲ್. ಕಾರ್ಡ್ ಇದ್ದರೆ ಅದೂ ಬೇಡ. 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. ದುಃಖವನ್ನೆಲ್ಲ ಅದರಲ್ಲಿ ಬರೆಯಲು ಹೋಗಬೇಡಿ, ತಿರಸ್ಕಾರ ಆಗುತ್ತದೆ.

ಸಾರ್ವಜನಿಕ ಉಪದ್ರವ ಎಂಬುದು ಅಪರಾಧ ಕಾನೂನಿನಲ್ಲೂ ಇದೆ. ಮೊದಲು ಭಾರತೀಯ ದಂಡ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 270ನೇ ಸೆಕ್ಷನ್ನಿನಲ್ಲಿ ಉಪದ್ರವ ಎಂದರೇನು ಎಂದು ಹೇಳಿದೆ. ಸಾಮಾನ್ಯ ಉಪದ್ರವಕ್ಕೆ 292ನೇ ಸೆಕ್ಷನ್ನಿನಲ್ಲಿ 1,000 ರೂಪಾಯಿವರೆಗೆ ದಂಡ. ಸಾಕಿದ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಥವಾ ಮೈಗೆ ದೊಡ್ಡ ಪೆಟ್ಟಾಗುವ ಸಂಭವ ಇದ್ದೂ ಎಚ್ಚರಿಕೆ ವಹಿಸದಿದ್ದರೆ 291ನೇ ಸೆಕ್ಷನ್, ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಾಯುವ ಹೋರಿ, ಕಚ್ಚುವ ನಾಯಿ ಸಾಕಿದವರು ಇದನ್ನು ಗಮನಿಸಬೇಕು. ದಾರಿಗೆ ಅಡ್ಡ ಕಟ್ಟಿದರೆ 285ನೇ ಸೆಕ್ಷನ್, ಅದಕ್ಕೂ 5,000ದವರೆಗೆ ದಂಡ ಇದೆ.

270ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಉಪದ್ರವದಿಂದ ಯಾರಿಗಾದರೂ ಸ್ವಲ್ಪ ಅನುಕೂಲ ಆಗುತ್ತದೆ ಎಂಬ ಕಾರಣಕ್ಕೆ ಅದಕ್ಕೆ ಮಾಫಿ ಇಲ್ಲ. "ನಮ್ಮ ಮನೆ ಹಾಲನ್ನೇ ಕುಡಿದು ನಮ್ಮ ಮೇಲೇ ದೂರು ಕೊಟ್ಟರಲ್ಲಾ" ಎಂಬ ಮಾತು ಸಂಘದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮನಸ್ಸಿಗೆ ನೋವಾಗುವುದು ಸಹಜ. ಆದರೆ ಅಧಿಕಾರಿಯ ಮುಂದೆ ಆ ಮಾತಿಗೆ ಬೆಲೆ ಸಿಗುವುದಿಲ್ಲ. "ಮೂವತ್ತು ವರ್ಷದಿಂದ ಸಾಕುತ್ತಿದ್ದೇವೆ, ಅವರು ನಿನ್ನೆ ಮೊನ್ನೆ ಮನೆ ಕಟ್ಟಿದವರು" ಎಂಬ ವಾದವೂ ಹಾಗೆಯೇ, ಅದೊಂದನ್ನೇ ಹಿಡಿದುಕೊಂಡು ಹೋದರೆ ಗೆಲ್ಲುವುದು ಕಷ್ಟ.

ನಿರೀಕ್ಷಕರ ಕಣ್ಣು ಎಲ್ಲಿಗೆ ಹೋಗುತ್ತದೆ

ಒಂದು ದೊಡ್ಡ ಹಸು ದಿನಕ್ಕೆ ಹತ್ತು ಹದಿನೈದು ಕಿಲೋ ಸಗಣಿ ಹಾಕುತ್ತದೆ, ಸೀಮೆ ಹಸುವಾದರೆ ಇನ್ನೂ ಹೆಚ್ಚು. ಎರಡು ಹಸು ಇದ್ದ ಮನೆಯಲ್ಲಿ ಹತ್ತು ದಿನ ಎತ್ತದೆ ಬಿಟ್ಟರೆ ಮೂರು ಕ್ವಿಂಟಾಲ್ ಆಯಿತು. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಕಕ್ಕಸಿನ ಗುಂಡಿ ಎಲ್ಲ ಇರುವಾಗ ಇಷ್ಟು ಸಗಣಿ ಎಲ್ಲಿಗೆ ಹೋಗಬೇಕು? ಅಲ್ಲಿಂದಲೇ ದೂರು ಹುಟ್ಟುವುದು. ಹಸು ನೋಡಿ ಯಾರೂ ದೂರು ಕೊಡುವುದಿಲ್ಲ.

ನೊಣದ ಲೆಕ್ಕ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಮನೆ ನೊಣ ಹಸಿ ಸಗಣಿಯಲ್ಲಿ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ನಮ್ಮ ಸೆಕೆಗೆ ಮೊಟ್ಟೆಯಿಂದ ಹಾರುವ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಅಷ್ಟರೊಳಗೆ ಸಗಣಿ ಅಲ್ಲಿಂದ ಹೋದರೆ, ಅಥವಾ ಮೇಲೆ ಮಣ್ಣು, ಒಣ ತರಗೆಲೆ ದಪ್ಪಗೆ ಮುಚ್ಚಿದರೆ, ನೊಣದ ಹುಟ್ಟು ನಿಲ್ಲುತ್ತದೆ. ವಾರಕ್ಕೆ ಎರಡು ಸಲ ಗುಂಡಿ ಖಾಲಿ ಮಾಡುವವರ ಕೊಟ್ಟಿಗೆಯಲ್ಲಿ ನೊಣ ಕಡಿಮೆ ಇರುವುದು ಇದೇ ಕಾರಣಕ್ಕೆ. ದಿನಾ ಎತ್ತುವವರಿಗೆ ಇನ್ನೂ ಒಳ್ಳೆಯದು. ಫಿನಾಯಿಲ್ ಸುರಿದು ವಾಸನೆ ಮುಚ್ಚುವುದಕ್ಕೆ ದುಡ್ಡು ಹಾಕಬೇಡಿ, ಗುದ್ದಲಿ ಸಾಕು.

ಸೊಳ್ಳೆಯ ಕಥೆ ಬೇರೆ. ಅದಕ್ಕೆ ನಿಂತ ನೀರು ಬೇಕು. ಕೊಟ್ಟಿಗೆ ತೊಳೆದ ನೀರು ಮಣ್ಣಿನ ಚರಂಡಿಯಲ್ಲಿ ನಿಂತರೆ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗೆ ಹಬ್ಬ. ನೆಲ ಗಟ್ಟಿಯಾಗಿರಬೇಕು, ಒಂದು ಕಡೆಗೆ ವಾಟ ಇರಬೇಕು, ಗಂಜಲ ಒಂದು ಮುಚ್ಚಿದ ತೊಟ್ಟಿಗೆ ಬಂದು ಬೀಳಬೇಕು. ತೊಟ್ಟಿಯದನ್ನು ತೆಂಗಿನ ಬುಡಕ್ಕೋ ತೋಟಕ್ಕೋ ನೀರು ಬೆರೆಸಿ ಹಾಕಬಹುದು. ಸಾರ್ವಜನಿಕ ಚರಂಡಿಗೆ ಸಗಣಿ ನೀರು ಬಿಡುವುದು ಮಾತ್ರ ಬೇಡ. ಚರಂಡಿ ಕಟ್ಟಿಕೊಂಡು ನಾಲ್ಕು ಮನೆ ಆಚೆ ಉಕ್ಕುತ್ತದೆ, ಆ ನಾಲ್ಕೂ ಮನೆಯವರ ಸಹಿ ದೂರಿನಲ್ಲಿರುತ್ತದೆ.

ಬಾವಿಯಿಂದ ಗೊಬ್ಬರದ ಗುಂಡಿ ಕನಿಷ್ಠ 15 ಮೀಟರ್, ಅಂದರೆ ಐವತ್ತು ಅಡಿ ದೂರ ಇರಬೇಕೆಂಬುದು ಆರೋಗ್ಯ ಇಲಾಖೆಯವರು ಬಹಳ ಕಾಲದಿಂದ ಹೇಳುತ್ತಿರುವ ಅಳತೆ. ಗುಂಡಿ ಬಾವಿಗಿಂತ ತಗ್ಗಿನಲ್ಲಿರಬೇಕು. ಒಂದು ಹಸುವಿಗೆ ಸೂರಿನಡಿ ಮೂರೂವರೆ ಚದರ ಮೀಟರ್, ಹೊರಗೆ ಅಡ್ಡಾಡಲು ಏಳು ಚದರ ಮೀಟರ್ ಜಾಗ ಬೇಕು ಎಂದು ಪಶುಪಾಲನೆಯ ಪುಸ್ತಕಗಳು ಹೇಳುತ್ತವೆ. ನಮ್ಮ ಕಾಲೊನಿಗಳಲ್ಲಿ ಎಷ್ಟು ಮನೆಗಳಲ್ಲಿ ಇದು ಸಾಧ್ಯ? ಅಳೆದು ನೋಡಿದರೆ ಒಂದು ಹಸುವಿಗೆ ಜಾಗ ಇರುವ ಮನೆಯಲ್ಲಿ ಮೂರು ಕಟ್ಟಿರುತ್ತೇವೆ.

ಗೋಬರ್ ಗ್ಯಾಸ್ ಮಾಡಬಹುದಲ್ಲ ಎಂದು ಕೇಳುತ್ತೀರಿ. ಎರಡು ಘನ ಮೀಟರ್ ಗಾತ್ರದ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ಜಾನುವಾರು. ಒಂದೇ ಹಸು ಇರುವ ಎರಡು ಮೂರು ಮನೆಯವರು ಸೇರಿ ಒಂದು ಕಟ್ಟಿಸಿಕೊಳ್ಳುವುದು ಒಳ್ಳೆಯ ಯೋಚನೆಯೇ. ಆದರೆ ಯಾರ ಜಾಗದಲ್ಲಿ, ಗ್ಯಾಸು ಯಾರಿಗೆ, ಬಗ್ಗಡ ಯಾರು ಎತ್ತಬೇಕು ಎನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹಂದಿ, ಕೋಳಿ, ನಾಯಿ

ಹಂದಿಯ ವಿಷಯದಲ್ಲಿ ಆರೋಗ್ಯ ಇಲಾಖೆ ಬಿಗಿಯಾಗಿರುವುದಕ್ಕೆ ಕಾರಣ ಇದೆ. ಜಪಾನೀಸ್ ಮೆದುಳು ಜ್ವರದ ವೈರಸ್ಸು ಹಂದಿಯ ಮೈಯಲ್ಲಿ ಹೆಚ್ಚಿಕೊಳ್ಳುತ್ತದೆ, ಅಲ್ಲಿಂದ ಕ್ಯೂಲೆಕ್ಸ್ ಸೊಳ್ಳೆಯ ಮೂಲಕ ಮಕ್ಕಳಿಗೆ ಬರುತ್ತದೆ. ಹಸುವಿನ ಮೈಯಲ್ಲಿ ಅದು ಹಾಗೆ ಹೆಚ್ಚುವುದಿಲ್ಲ. ಕೋಲಾರ, ಮಂಡ್ಯ, ಬಳ್ಳಾರಿ ಕಡೆಯವರಿಗೆ ಈ ಜ್ವರ ಹೊಸದಲ್ಲ. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಲಸಿಕೆ ಅಭಿಯಾನ ನಡೆಯಿತು. ಆದ್ದರಿಂದ ಮನೆಗಳ ನಡುವೆ ಹಂದಿ ದೊಡ್ಡಿ ಬೇಡ ಎಂದು ಅಧಿಕಾರಿ ಹೇಳಿದರೆ ಅದನ್ನು ಜಾತಿಯ ಮೇಲಿನ ದ್ವೇಷ ಎಂದು ತಕ್ಷಣ ತಿಳಿಯಬೇಕಾಗಿಲ್ಲ. ಕೆಲವು ಕಡೆ ಅದೂ ಬೆರೆತಿರುತ್ತದೆ ಎನ್ನುವುದು ನಿಜ. ಹಂದಿ ಸಾಕಿಯೇ ಬದುಕುವ ಕುಟುಂಬಗಳಿಗೆ ಊರ ಹೊರಗೆ ಜಾಗ ತೋರಿಸದೆ, ರಾತ್ರಿ ಗುತ್ತಿಗೆದಾರರನ್ನು ಕಳಿಸಿ ಹಂದಿ ಹಿಡಿಸಿ ಲಾರಿಗೆ ತುಂಬಿಸುವುದು ಆರೋಗ್ಯದ ಕ್ರಮ ಅಂತ ನನಗೆ ಅನ್ನಿಸುವುದಿಲ್ಲ.

ಲಾಡಿ ಹುಳುವಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಮೆದುಳಿನಲ್ಲಿ ಗಂಟಾಗಿ ಫಿಟ್ಸ್ ಬರುವುದು ಹಂದಿ ಮಾಂಸ ತಿನ್ನುವವರಿಗೆ ಮಾತ್ರ ಅಂತಾರೆ. ನಿಜವಾಗಿ ಆ ರೋಗ ಬರುವುದು ಹುಳುವಿನ ಮೊಟ್ಟೆ ಹೊಟ್ಟೆಗೆ ಹೋದಾಗ. ಮೊಟ್ಟೆ ಇರುವುದು ಮನುಷ್ಯರ ಮಲದಲ್ಲಿ. ಬಯಲಿನ ಮಲ ತಾಗಿದ ನೀರು, ಸೊಪ್ಪು, ತರಕಾರಿಯಿಂದ ಸಸ್ಯಾಹಾರಿಗಳಿಗೂ ಬರುತ್ತದೆ. ಗೂಡಿನಲ್ಲಿ ಕಟ್ಟಿ ಬೇಯಿಸಿದ ಆಹಾರ ಹಾಕಿ ಸಾಕಿದ ಹಂದಿಗೆ ಮಲ ತಿನ್ನುವ ಅವಕಾಶವೇ ಇಲ್ಲ. ಹಾಗಾಗಿ ಪುರಸಭೆಯವರು ಹಂದಿ ಹಿಡಿಯಲು ಬಂದಾಗ ಸಾರ್ವಜನಿಕ ಶೌಚಾಲಯ ಎಲ್ಲಿ ಎಂದೂ ಕೇಳಬೇಕು.

ಕೋಳಿ ಸಾಕುವವರಿಗೆ ಭಯ ಬೇಡ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ದೂರದ ಅಳತೆ ಮುಂತಾದ ನಿಯಮಗಳು ಇರುವುದು 5,000 ಮತ್ತು ಅದಕ್ಕಿಂತ ಹೆಚ್ಚು ಹಕ್ಕಿ ಸಾಕುವ ಫಾರಂಗಳಿಗೆ. ನಿಮ್ಮ ಹದಿನೈದು ನಾಟಿ ಕೋಳಿ ಆ ಲೆಕ್ಕಕ್ಕೆ ಬರುವುದಿಲ್ಲ. ಅವು ಪಕ್ಕದವರ ಕೊತ್ತಂಬರಿ ಮಡಿ ಕೆದಕದಂತೆ ಬಲೆ ಹಾಕಿದರೆ ಬಹುಪಾಲು ಜಗಳ ಹುಟ್ಟುವುದೇ ಇಲ್ಲ. ಹಕ್ಕಿ ಜ್ವರ ಬಂದಾಗ ಮಾತ್ರ ಚಿತ್ರ ಬದಲಾಗುತ್ತದೆ. 2012ರಲ್ಲಿ ಹೆಸರಘಟ್ಟದ ಸರಕಾರಿ ಕೋಳಿ ಕೇಂದ್ರದಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಅದು ಕಾಣಿಸಿಕೊಂಡಿತ್ತು. ರೋಗ ಖಚಿತವಾದ ಜಾಗದ ಸುತ್ತ ಒಂದು ಕಿಲೋಮೀಟರನ್ನು ಸೋಂಕಿತ ವಲಯ ಎಂದು ಗುರುತಿಸಿ ಹಿತ್ತಲ ಕೋಳಿಗಳನ್ನೂ ಕೊಲ್ಲುತ್ತಾರೆ. ಅಡಗಿಸಿ ಇಟ್ಟರೆ ನಷ್ಟ ನಿಮಗೇ. ಪರಿಹಾರ ಸಿಗುವುದು ಸಿಬ್ಬಂದಿ ಎಣಿಸಿ ಬರೆದುಕೊಂಡು ಕೊಂದ ಹಕ್ಕಿಗೆ. ಎಣಿಸುವಾಗ ಪಕ್ಕದಲ್ಲಿ ನಿಂತು ಸಂಖ್ಯೆ ನೋಡಿ, ಆಮೇಲೆ ಸಹಿ ಹಾಕಿ.

ಕರಾವಳಿಯವರು ಇಲಿ ಜ್ವರವನ್ನೂ ಮರೆಯಬಾರದು. ಇಲಿ, ದನ, ನಾಯಿ ಮೂತ್ರ ಸೇರಿದ ಮಳೆ ನೀರಿನಿಂದ ಅದು ಕಾಲಿನ ಗಾಯದ ಮೂಲಕ ಒಳಗೆ ಹೋಗುತ್ತದೆ. ಹಿಂಡಿ ಬೂಸಾ ತೆರೆದಿಟ್ಟರೆ ಇಲಿಗಳನ್ನು ನಾವೇ ಕರೆದಂತೆ. ಹಿಂಡಿಗೆ ಮುಚ್ಚಳ ಇರುವ ಡ್ರಮ್ಮು, ಕೊಟ್ಟಿಗೆಯ ಕೆಲಸಕ್ಕೆ ಒಂದು ಜೊತೆ ಗಮ್ ಬೂಟು ಇಟ್ಟುಕೊಳ್ಳಿ.

ನಾಯಿಯ ವಿಷಯ ಬರೆದರೆ ಇನ್ನೊಂದು ಲೇಖನವೇ ಆಗುತ್ತದೆ, ಇಲ್ಲಿ ಬೇಕಾದಷ್ಟು ಹೇಳುತ್ತೇನೆ. ಸಾಕಿದ ನಾಯಿಗೆ ಹುಚ್ಚು ನಾಯಿ ರೋಗದ ಲಸಿಕೆ ಪ್ರತಿ ವರ್ಷ ಹಾಕಿಸಿ ಚೀಟಿ ಇಟ್ಟುಕೊಳ್ಳಿ. ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಬೇಕು ಎಂಬುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮ, ಅದು ಪುರಸಭೆಯ ಕೆಲಸ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಇದನ್ನೇ ಹೇಳಿ, ಹುಚ್ಚು ಹಿಡಿದ ಮತ್ತು ಆಕ್ರಮಣ ಮಾಡುವ ನಾಯಿಗಳನ್ನು ಮರಳಿ ಬಿಡಬಾರದು ಎಂದಿತು. ಅದೇ ವರ್ಷ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಂದ ಹಿಡಿದ ನಾಯಿಯನ್ನು ಅಲ್ಲಿಗೇ ತಂದು ಬಿಡಬಾರದು ಎಂದಿತು. ನಿಮ್ಮ ಮಕ್ಕಳ ಶಾಲೆಯ ಮುಂದೆ ನಾಯಿ ಕಾಟ ಇದ್ದರೆ ಅರ್ಜಿಯಲ್ಲಿ ಈ ದಿನಾಂಕ ಬರೆಯಿರಿ. ಕಚ್ಚಿದರೆ ಮಾತ್ರ ಅರ್ಜಿ ಆಮೇಲೆ. ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು.

ಪುರಸಭೆಗೂ ಹೊಣೆ ಇದೆ

ಇಷ್ಟು ಹೊತ್ತು ನಮ್ಮ ಹೊಣೆ ಹೇಳಿದೆ. ಈಗ ಅವರದ್ದು. ಮಧ್ಯಪ್ರದೇಶದಲ್ಲಿ ರತ್ಲಾಂ ಎಂಬ ಊರಿದೆ. ಅಲ್ಲಿನ ಒಂದು ವಾರ್ಡಿನ ಜನ ತೆರೆದ ಚರಂಡಿ, ದುರ್ನಾತ, ಬಯಲು ಶೌಚದಿಂದ ಬೇಸತ್ತು ಮ್ಯಾಜಿಸ್ಟ್ರೇಟರ ಬಳಿ ಹೋದರು. ಚರಂಡಿ ಕಟ್ಟಿಸಿ ಎಂದು ಪುರಸಭೆಗೆ ಆದೇಶ ಆಯಿತು. ನಮ್ಮಲ್ಲಿ ಹಣ ಇಲ್ಲ ಎಂದು ಪುರಸಭೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನಲ್ಲಿ, ಹಣವಿಲ್ಲ ಎಂಬುದು ಜನರ ಆರೋಗ್ಯದ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಕಾರಣವಾಗದು ಎಂದು ಹೇಳಲಾಯಿತು. ನಿಮ್ಮ ಕೊಟ್ಟಿಗೆಯ ನೀರು ನಿಂತಿರುವುದು ಪುರಸಭೆಯೇ ಚರಂಡಿಯನ್ನು ಅರ್ಧಕ್ಕೆ ಬಿಟ್ಟದ್ದರಿಂದಾದರೆ, ಉತ್ತರದಲ್ಲಿ ಅದನ್ನು ಬರೆಯುವ ಹಕ್ಕು ನಿಮಗಿದೆ.

ಆ ಜನ ಹಿಡಿದ ದಾರಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152. ಪುರಸಭೆಗೆ ಎಷ್ಟು ಸಲ ಹೇಳಿದರೂ ಆಗದಿದ್ದಾಗ ಉಪವಿಭಾಗಾಧಿಕಾರಿಗೆ, ನಾವು ಎ.ಸಿ. ಅನ್ನುತ್ತೇವಲ್ಲ ಅವರಿಗೆ, ಅರ್ಜಿ ಕೊಡಬಹುದು. ಉಪದ್ರವ ತೆಗೆಯಲು, ಅಪಾಯಕಾರಿ ಪ್ರಾಣಿಯನ್ನು ಕಟ್ಟಿ ಹಾಕಲು ಅವರು ಷರತ್ತಿನ ಆದೇಶ ಮಾಡಬಹುದು. ಆ ಆದೇಶ ಬಂದವರಿಗೂ ಹಾಜರಾಗಿ ತಕರಾರು ಹೇಳುವ ಅವಕಾಶ ಇರುತ್ತದೆ. ಪಕ್ಕದ ಮನೆಯವರಿಗೂ ಸಾಕುವವರಿಗೂ ಒಂದೇ ದಾರಿ.

ಬದಲಿ ಜಾಗ ಕೇಳುವುದೂ ತಪ್ಪಲ್ಲ. ಮುಂಬಯಿ ನಗರದ ಮಧ್ಯದಲ್ಲೇ ಒಂದು ಕಾಲದಲ್ಲಿ ಎಮ್ಮೆ ತಬೇಲಾಗಳು ತುಂಬಿದ್ದವು. ಹೊಲಸು ಹೆಚ್ಚಾಗಿ ಅವನ್ನು ತೆಗೆಯಬೇಕಾದಾಗ ಸರಕಾರ ಬರೀ ಹೊರಡಿ ಎನ್ನಲಿಲ್ಲ. 1949ರಲ್ಲಿ ಗೋರೆಗಾಂವ್ ಬಳಿ ಆರೆ ಹಾಲಿನ ಕಾಲೊನಿ ಕಟ್ಟಿ, ಸಾವಿರಾರು ಎಮ್ಮೆಗಳಿಗೆ ಕೊಟ್ಟಿಗೆ, ನೀರು, ಮೇವಿನ ವ್ಯವಸ್ಥೆ ಮಾಡಿ ಮಾಲೀಕರನ್ನು ಅಲ್ಲಿಗೆ ಕರೆದೊಯ್ದಿತು. ನಮ್ಮ ಸಣ್ಣ ಪುರಸಭೆ ಅಷ್ಟು ದೊಡ್ಡದು ಮಾಡಲಾರದು. ಆದರೆ ಹತ್ತು ಮನೆಗೆ ಒಟ್ಟಿಗೆ ನೋಟೀಸು ಬಂದಿದ್ದರೆ ಹತ್ತೂ ಮನೆಯವರು ಸೇರಿ ವಾರ್ಡ್ ಸದಸ್ಯರ ಮೂಲಕ ಊರಂಚಿನಲ್ಲಿ ಒಂದು ಸಾಮೂಹಿಕ ಕೊಟ್ಟಿಗೆಗೆ ಜಾಗ ಕೇಳಬಹುದು. ಒಬ್ಬೊಬ್ಬರೇ ಹೋದರೆ ಯಾರೂ ಕುರ್ಚಿ ಕೊಡುವುದಿಲ್ಲ.

ನೋಟೀಸು ಕೈಗೆ ಬಂದ ದಿನ

ಸ್ವೀಕರಿಸಿ, ದಿನಾಂಕ ಬರೆದುಕೊಳ್ಳಿ. ಹಿಂದಕ್ಕೆ ಕಳಿಸಿದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಆಮೇಲೆ ಗೊತ್ತಿಲ್ಲ ಎಂದರೆ ನಡೆಯುವುದಿಲ್ಲ. ಯಾವ ಕಾಯಿದೆ, ಯಾವ ಸೆಕ್ಷನ್, ಏನು ತೊಂದರೆ, ಎಷ್ಟು ದಿನ ಎಂದು ಅದರಲ್ಲಿದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಯಿರಿ. ನಿಮ್ಮ ಮಾತು ಕೇಳದೆ ನಿಮ್ಮ ವಿರುದ್ಧ ಆದೇಶ ಮಾಡಬಾರದು ಎಂಬುದು ಸಹಜ ನ್ಯಾಯದ ತತ್ವ.

ಉತ್ತರ ಒಂದೇ ಪುಟದಲ್ಲಿರಲಿ. ಎಷ್ಟು ಪ್ರಾಣಿ ಇವೆ, ಎಂದಿನಿಂದ ಇವೆ, ಯಾವ ಸಾಲದ ಮೇಲೆ ತಂದದ್ದು ಎಂದು ಬರೆಯಿರಿ. ಏನು ಸರಿ ಮಾಡಿದ್ದೇವೆ, ಇನ್ನು ಏನು ಮಾಡುತ್ತೇವೆ, ಎಷ್ಟು ದಿನ ಬೇಕು ಎಂದೂ ಬರೆಯಿರಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಕಛೇರಿಯ ಮೊಹರು, ಸಹಿ ಹಾಕಿಸಿಕೊಳ್ಳಿ. ಸ್ಥಳ ತನಿಖೆ ಮತ್ತೊಮ್ಮೆ ಮಾಡಿ ಎಂದು ಕೇಳಿ. ಅವರು ಬರುವ ಮೊದಲೇ ಗುಂಡಿ ಮುಚ್ಚಿ, ಚರಂಡಿ ಗುಡಿಸಿ. ಫೋಟೋ ತೆಗೆದಿಡಿ. ನಿಮ್ಮ ಪರವಾಗಿ ಸಹಿ ಹಾಕಲು ಸುತ್ತಲಿನ ನಾಲ್ಕು ಮನೆಯವರು ಒಪ್ಪಿದರೆ ಅದರ ಬೆಲೆ ದೊಡ್ಡದು. ಒಬ್ಬರೂ ಒಪ್ಪದಿದ್ದರೆ ತೊಂದರೆ ನಿಜ ಎಂದು ನೀವೇ ತಿಳಿದುಕೊಳ್ಳಬಹುದು.

ಕೆಲವರು ಕಛೇರಿಯಲ್ಲಿ ಹೆದರಿ ಮುಚ್ಚಳಿಕೆ ಬರೆದುಕೊಟ್ಟು ಬರುತ್ತಾರೆ. ಹದಿನೈದು ದಿನದಲ್ಲಿ ಎಲ್ಲ ದನ ಸಾಗಿಸುತ್ತೇನೆ ಎಂದು ಒಮ್ಮೆ ಬರೆದುಕೊಟ್ಟರೆ ಆಮೇಲೆ ಯಾವ ಮೇಲ್ಮನವಿಯಲ್ಲೂ ಅದೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಮನೆಗೆ ತಂದು ಓದಿಸಿ ಸಹಿ ಹಾಕುತ್ತೇನೆ ಎನ್ನಿ. ಅಂತಿಮ ಆದೇಶ ಬಂದರೆ ಯಾರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ ಎಂದು ಅಲ್ಲೇ ಕೇಳಿ ತಿಳಿದುಕೊಂಡು, ಅದೇ ವಾರ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ನ್ಯಾಯಾಲಯದ ಆವರಣದಲ್ಲೇ ಅದರ ಕಛೇರಿ ಇರುತ್ತದೆ. 1987ರ ಕಾಯಿದೆಯಂತೆ ಮಹಿಳೆಯರಿಗೆ ಅಲ್ಲಿ ವಕೀಲರ ಸಹಾಯ ಉಚಿತ, ಆದಾಯ ಎಷ್ಟು ಎಂದು ಕೇಳುವ ಹಾಗಿಲ್ಲ.

ಬೇಸರದಲ್ಲಿ ಹಗ್ಗ ಬಿಚ್ಚಿ ಬೀದಿಗೆ ಬಿಡುವವರೂ ಇದ್ದಾರೆ. ಮುದಿ ಹಸು, ಗಂಡು ಕರುವಿನ ವಿಷಯದಲ್ಲಿ ಇದು ಹೆಚ್ಚು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಕತ್ತು ಆಡಿಸಲಾಗದಷ್ಟು ಗಿಡ್ಡ ಹಗ್ಗದಲ್ಲಿ ಸದಾ ಕಟ್ಟಿಡುವುದೂ ಅಪರಾಧವೇ. ನೈರ್ಮಲ್ಯದ ನೋಟೀಸಿನಿಂದ ತಪ್ಪಿಸಿಕೊಳ್ಳಲು ಹೋಗಿ ಇದಕ್ಕೆ ಸಿಕ್ಕಿಬೀಳುತ್ತೀರಿ. ಮೊದಲೇ ಹೇಳಿದೆನಲ್ಲ, ಎರಡೂ ನೋಡುವ ಕಛೇರಿ ಒಂದೇ.

ಸಾಲ ಕೊಡುವ ಮೊದಲು

ನನ್ನ ಅಭಿಪ್ರಾಯದಲ್ಲಿ ಈ ಜಗಳದ ಅರ್ಧ ಭಾಗ ಸಂಘದ ಸಭೆಯಲ್ಲೇ ನಿಲ್ಲಿಸಬಹುದಾದದ್ದು. ಹಸುವಿಗೆ ಸಾಲ ಕೇಳಿದಾಗ ನಾವು ಏನು ಕೇಳುತ್ತೇವೆ? ಹಾಲು ಎಷ್ಟು, ಡೇರಿ ಎಷ್ಟು ಕೊಡುತ್ತದೆ, ಕಂತು ಎಷ್ಟು. ಸಗಣಿ ಎಲ್ಲಿ ಹಾಕುತ್ತೀಯಮ್ಮ ಎಂದು ಕೇಳುವವರಿಲ್ಲ. ಇನ್ನು ಮೇಲೆ ಸಾಲದ ಅರ್ಜಿ ಬಂದಾಗ ಇಬ್ಬರು ಸದಸ್ಯೆಯರು ಹೋಗಿ ಜಾಗ ನೋಡಿ ಬರಲಿ. ಸ್ವಂತ ಜಾಗವೋ ಬಾಡಿಗೆಯೋ, ಬಾಡಿಗೆಯಾದರೆ ಮಾಲೀಕರು ಒಪ್ಪಿದ್ದಾರೋ, ಬಾವಿ ಎಷ್ಟು ದೂರ, ಪಕ್ಕದ ಮನೆಯ ಕಿಟಕಿ ಎಲ್ಲಿ ತೆರೆಯುತ್ತದೆ, ಗೊಬ್ಬರ ಒಯ್ಯುವ ತೋಟದವರು ಯಾರಾದರೂ ಇದ್ದಾರೋ ನೋಡಲಿ. ಗೊಬ್ಬರಕ್ಕೆ ಗಿರಾಕಿ ಗೊತ್ತು ಮಾಡಿಕೊಂಡವರಿಗೆ ಎರಡು ಲಾಭ, ಹಿತ್ತಲೂ ಖಾಲಿ, ಕೈಗೂ ನಾಲ್ಕು ಕಾಸು.

ಜಾಗ ಸಾಲದು ಅಂತ ಕಂಡರೆ ಹಸುವಿನ ಬದಲು ಎರಡು ಮೇಕೆಯೋ ಹತ್ತು ಕೋಳಿಯೋ ಆಗಬಹುದು. ನೆಲ ಗಟ್ಟಿ ಮಾಡಿಸಲು, ಗಂಜಲದ ತೊಟ್ಟಿ ಕಟ್ಟಿಸಲು ಬೇಕಾದ ಹಣವನ್ನೂ ಸೇರಿಸಿಯೇ ಸಾಲ ಕೊಡಿ. ಆಮೇಲೆ ಲಾಭದಲ್ಲಿ ಕಟ್ಟಿಸುತ್ತೇನೆ ಎಂದವರಲ್ಲಿ ಕಟ್ಟಿಸಿದವರು ಕಡಿಮೆ. ಸಾಲದ ಪುಸ್ತಕದಲ್ಲಿ ಹಸುವಿನ ವಿಮೆಯ ನಂಬರು ಬರೆಯುವ ಜಾಗದ ಕೆಳಗೆ ಜಾಗ ನೋಡಿ ಬಂದ ಇಬ್ಬರ ಹೆಸರು, ತಾರೀಖು ಬರೆಯಲು ಒಂದು ಸಾಲು ಬಿಡಿ.